ಪ್ಲಾಸ್ಟರ್ ಬಿಚ್ಚಿತು, ಎಲ್ರಿಗೂ ಥ್ಯಾಂಕ್ಸ್, ನಮ್ಮ ಹೇಂಟೆ ಕುಂಞಿಗೂ

ನಿನ್ನೆ ಪ್ಲಾಸ್ಟರ್ ತೆಗೆದ್ರು. ಕಾಲು ಅಲಸಂಡೆ ಹಾಗೆ ಸಪೂರ ಆಗಿದೆ ಆದ್ರೆ ನೆಲಕ್ಕೆ ಊರ್ಲಿಕ್ಕೆ ಆಗ್ತದೆ, ಅಷ್ಟು ಸಾಕು. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದ ಮೇಲೆ 42 ದಿನ ಜಗಲಿಯ ಕುರ್ಚಿಯಲ್ಲೇ ಇದ್ದೆ, ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೆ ಹೇಳ್ಲಿಕ್ಕೆ ಆಗ್ಲಿಲ್ಲ, ಹಾಗಾಗಿ ಇಲ್ಲೇ ಬರೀತಿದ್ದೇನೆ.

ಮೊದಲು ಪಕ್ಕದ ಮನೆ ಚೇಚಿಗೆ, ಅಂದ್ರೆ ಮಲಯಾಳಿ ಅಕ್ಕನಿಗೆ. ಬೆಳಿಗ್ಗೆ ಬಂದು ನಮ್ಮ ಕೋಳಿಗೂಡು ತೆಗೆದು, ಸಂಜೆ ಎಣಿಸಿ ಮುಚ್ಚಿ, ಒಂದು ದಿನವೂ ತಪ್ಪಿಸ್ಲಿಲ್ಲ. ಅವರು ಬೈಯುದು ಮಲಯಾಳದಲ್ಲಿ, ನಾನು ತುಳುವಿನಲ್ಲಿ, ಮಗಳು ಕನ್ನಡದಲ್ಲಿ, ನಮ್ಮ ಕೋಳಿಗಳಿಗೆ ಮೂರೂ ಭಾಷೆ ಬರ್ತದೆ, ಯಾವುದನ್ನೂ ಕೇಳುದಿಲ್ಲ ಅಷ್ಟೆ.

ಇಷ್ಟು ವರ್ಷ ಅಕ್ಕಿ ಹಾಕಿದ್ದು ಬಿಟ್ರೆ ನಾನು ಕೋಳಿಗಳನ್ನು ಸರಿಯಾಗಿ ನೋಡಿಯೇ ಇರ್ಲಿಲ್ಲ ಮಾರಾಯ್ರೆ. ಹುಂಜನನ್ನು ನಾವು ದಣಿ ಅಂತ ಕರೆಯುದು, ಹುಳ ಸಿಕ್ಕಿದ್ರೆ ತಾನು ತಿನ್ನದೆ ಟುಕ್ ಟುಕ್ ಅಂತ ಹೇಂಟೆಗಳನ್ನು ಕರೀತಾನೆ, ಎಂಥ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ, ನಾಲ್ಕು ದಿನ ನೋಡಿದ ಮೇಲೆ ಗೊತ್ತಾಯ್ತು, ಕೆಲವು ಸಲ ಅಲ್ಲಿ ಎಂತದೂ ಇರುದಿಲ್ಲ, ಸುಮ್ನೆ ಕರೆಯುದು! ಇನ್ನೊಂದು ಹೇಂಟೆಗೆ ಮೆಂಬರ್ ಅಂತ ಹೆಸರು, ಪಂಚಾಯತ್ ಮೆಂಬರ್ ಹಾಗೆ ವಾರ್ಡಿನ ಎಲ್ಲಾ ಅಂಗಳಕ್ಕೂ ಹೋಗಿ ಬರ್ತದೆ, ಮೊಟ್ಟೆ ಮಾತ್ರ ನಮ್ಮಲ್ಲಿ ಇಡುದಿಲ್ಲ. (ನಿಮ್ಮ ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ್ರೆ ತಗೊಳ್ಳಿ, ಕೇಳುದಿಲ್ಲ.)

ಆದ್ರೆ ನನಗೆ ಜೊತೆ ಆದದ್ದು ಕುಂಞಿ. ಎಲ್ಲಕ್ಕಿಂತ ಸಣ್ಣದು, ಎಲ್ಲದರಿಂದಲೂ ಕುಟ್ಟಿಸಿಕೊಂಡು ಕೊನೆಗೆ ತಿನ್ನುವ ಪಾಪದ್ದು. ನಾನು ಬಿದ್ದು ವಾರಕ್ಕೆ ಅದು ಕಾವಿಗೆ ಕೂತಿತು. ಮಳೆಗೆ ಬೇಡ ಅಂತ ಅತ್ತೆ ಹೇಳಿದ್ರೂ ಕೇಳದೆ ಕುರ್ಚಿ ಹತ್ತಿರವೇ ಹಳೆ ಬುಟ್ಟಿಗೆ ಬೈಹುಲ್ಲು ಹಾಕಿಸಿ 11 ಮೊಟ್ಟೆ ಇಡಿಸಿದೆ. ಅದೂ ಕೂತದ್ದು, ನಾನೂ ಕೂತದ್ದು. ದಿನಕ್ಕೊಮ್ಮೆ ಎದ್ದು ಗಡಿಬಿಡಿಯಲ್ಲಿ ತಿಂದು ನೀರು ಕುಡಿದು ಹದಿನೈದು ನಿಮಿಷದಲ್ಲಿ ವಾಪಸ್, ನನ್ನ ಬಾತ್‌ರೂಮ್ ಪ್ರಯಾಣಕ್ಕೂ ಅಷ್ಟೇ ಹೊತ್ತು. ಏಳನೇ ದಿನ ರಾತ್ರಿ ಮಗಳು ಮೊಬೈಲ್ ಟಾರ್ಚ್ ಹಿಡಿದು ನೋಡಿ ಎರಡರಲ್ಲಿ ಏನೂ ಇಲ್ಲ ಅಂತ ತೆಗೆದ್ಲು, ಉಳಿದದ್ದರಲ್ಲಿ ಜೇಡನ ಬಲೆ ಹಾಗೆ ಕೆಂಪು ನರ. 20ನೇ ದಿನ ಮೊಟ್ಟೆ ಒಳಗಿಂದಲೇ ಚೀಂವ್ ಚೀಂವ್, ಕುಂಞಿ ಸಣ್ಣ ಸ್ವರದಲ್ಲಿ ಉತ್ತರ ಕೊಡ್ತಾ ಇತ್ತು, ಅವತ್ತು ನಾನೂ ಮಲಗ್ಲಿಲ್ಲ. 21ಕ್ಕೆ 8 ಮರಿ. ಅದರ ಸೆರೆ ಮುಗೀತು, ನನಗೆ ಇನ್ನೂ ಎರಡು ವಾರ ಬಾಕಿ!

ಮೃಗಾಸ್ಪತ್ರೆಯವರಿಗೂ ಥ್ಯಾಂಕ್ಸ್. ಕೋಳಿಗಳಿಗೆ ಬರುವ ರಾಣಿಖೇತ್ ರೋಗದ ಲಸಿಕೆಯ ಬಾಟ್ಲಿ 100 ಮರಿಗೆ ಆಗುವಂಥದ್ದು, ಕಲಸಿದ ಮೇಲೆ ಬೇಗ ಮುಗಿಸ್ಬೇಕು, ಎಂಟು ಮರಿಗೆ ಹೇಗೆ ಒಡೆಯುದು? ಚೇಚಿ ಸುತ್ತಲಿನ ಮನೆಗಳ ಮರಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಜಗಲಿಗೇ ತರಿಸಿದ್ರು. ಎಲ್ಲದರ ಕಣ್ಣಿಗೆ ಒಂದೊಂದು ಡ್ರಾಪ್ ಬಿಟ್ಟದ್ದು ನಾನೇ, ಕೂತಲ್ಲಿ ಆಗುವ ಕೆಲಸ ಅದೊಂದೇ ಇದ್ದದ್ದು.

ಬದಿಯಡ್ಕದಿಂದ ಕಾಸರಗೋಡಿಗೆ ಮೂರು ಸಲವೂ ಹೊಂಡ ತಪ್ಪಿಸಿ ಕರ್ಕೊಂಡು ಹೋದ ಆಟೋದ ಅಣ್ಣ, ಗಂಜಿ ಚಟ್ನಿ ಕಳಿಸಿದ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಕೀರಿ ಬಂದಾಗ ಸ್ಕೂಲ್ ಬ್ಯಾಗ್ ಬಿಸಾಡಿ ಓಡಿಸಿದ ಆಚೆಮನೆ ಹುಡುಗ, ನಿಮ್ಮೆಲ್ಲರ ಋಣ ಉಂಟು. ಬ್ಯಾಗಿನ ಜಿಪ್ ಹೋಗಿದೆ, ಹೊಸದು ನನ್ನ ಲೆಕ್ಕ.

ಇವತ್ತು ಬೆಳಿಗ್ಗೆ ಗೂಡು ನಾನೇ ತೆಗೆದೆ. ಕುಂಞಿ ಈಗ ಮೊದಲಿನ ಪಾಪದ್ದಲ್ಲ, ಮರಿ ಹತ್ತಿರ ಬಂದ್ರೆ ದಣಿಯನ್ನೂ ಓಡಿಸ್ತದೆ. ಪ್ಲಾಸ್ಟರ್ ತೆಗೆದ ಕಾಲಿಗೇ ಒಂದು ಕುಟ್ಟಿತು.