ಮಗಳಿಗೊಂದು ಪತ್ರ: ಕರೆಂಟ್ ಇಡುವ ಮುಂಚೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಅತ್ತೆ ಮನೆ ಗೃಹಪ್ರವೇಶದ ಸುದ್ದಿ ಹೇಳುವಾಗ ನಿನ್ನ ದನಿ ಸಣ್ಣಗಾಗಿತ್ತು. "ಬಿಪಿಟಿ ಅಂದ್ರೆ ಮಾಲೀಶ್ ಮಾಡೋ ಕೋರ್ಸಾ?" ಅಂತ ಯಾರೋ ಕೇಳಿದರಂತೆ. ನಕ್ಕು ಬಿಡಬೇಕಿತ್ತು ಅಂದೆ ನಾನು. ಫೋನ್ ಇಟ್ಟ ಮೇಲೆ ನೆನಪಾಯಿತು. 1997ರಲ್ಲಿ ಮಂಗಳೂರಿನಲ್ಲಿ, ನೀನೀಗ ಓದುತ್ತಿರುವ ಇದೇ ಫಿಸಿಯೋಥೆರಪಿ ಕೋರ್ಸಿಗೆ ಸೇರಿದಾಗ, ಇದೇ ಮಾತಿಗೆ ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ನಿನಗೆ ಮಾತ್ರ ನಗು ಅನ್ನುವುದು ಯಾವ ನ್ಯಾಯ, ಅಲ್ವಾ?

ಜನ ಹಾಗೆ ಕೇಳುವುದರಲ್ಲಿ ನಮ್ಮ ತಪ್ಪೂ ಇದೆ. ಕ್ಲಿನಿಕ್ಕಿನ ಬಾಗಿಲು ದಾಟುತ್ತಲೇ "ಕರೆಂಟ್ ಇಡಿ ಮೇಡಂ" ಅನ್ನುತ್ತಾರೆ. ಐಎಫ್‌ಟಿ, ಟೆನ್ಸ್, ಅಲ್ಟ್ರಾಸೌಂಡ್, ನೋವಿಗೆ ಇಡುವ ಎಲ್ಲ ಮೆಷಿನ್ನಿಗೂ ಅವರಿಟ್ಟ ಹೆಸರು ಕರೆಂಟ್. ಹದಿನೈದು ನಿಮಿಷ ಮಲಗಿ, ಜುಂ ಅನ್ನಿಸಿಕೊಂಡು, ದುಡ್ಡು ಕೊಟ್ಟು ಹೋಗುವುದು ಅವರಿಗೂ ಸುಲಭ, ನಮಗೂ ಸುಲಭ. ಒಂದಿಷ್ಟು ಹೊತ್ತು ನೋವು ತಗ್ಗುತ್ತದೆ, ನಿಜ. ಆದರೆ ಮಂಡಿ ಸವೆದವರಿಗೆ ತೊಡೆಯ ಸ್ನಾಯು ಗಟ್ಟಿಯಾಗಬೇಕು. ಅದಕ್ಕೆ ದಿನಾ ಕಾಲು ಎತ್ತಿ ಇಳಿಸಬೇಕು. ಅದನ್ನು ಹೇಳಿಕೊಡಲು ಸಮಯ ಬೇಕು, ಮಾಡಿಸಲು ತಾಳ್ಮೆ ಬೇಕು. ಎರಡೂ ಇಲ್ಲದ ದಿನ ನಾನೂ ಸುಮ್ನೆ ಮೆಷಿನ್ ಇಟ್ಟು ಕಳಿಸಿದ್ದುಂಟು.

ಕೆಲಸಕ್ಕೆ ಸೇರಿದ ನನ್ನ ಮೊದಲ ವರ್ಷದ ಒಂದು ಕತೆ ನಿನಗೆ ಹೇಳಿಲ್ಲ. ಐವತ್ತರ ಆಸುಪಾಸಿನ ಒಬ್ಬರು ಅಕ್ಕ, ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದುಕೊಂಡಿತ್ತು. ಶುಗರ್ ಇದ್ದವರಿಗೆ ಇದು ಜಾಸ್ತಿ, ಅವರಿಗೂ ಇತ್ತು. ತೋಳು ಎಪ್ಪತ್ತು ಡಿಗ್ರಿ ಮೇಲೆ ಏಳುತ್ತಿರಲಿಲ್ಲ. ನನ್ನ ಕೈಯಲ್ಲಿ ಕೀಲು ಎಷ್ಟು ಡಿಗ್ರಿ ಆಡುತ್ತದೆ ಅಂತ ಅಳೆಯುವ ಹೊಸ ಗೋನಿಯೋಮೀಟರ್. ಎರಡೇ ವಾರದಲ್ಲಿ ನೂರು ದಾಟಿಸಬೇಕು ಅಂತ ಹಟ. ಅವರು ಅಳುತ್ತಿದ್ದರೂ ಒತ್ತಿದೆ. ನಾಲ್ಕನೇ ದಿನ ಬರಲಿಲ್ಲ. ತಿಂಗಳಾದ ಮೇಲೆ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ಬಯ್ಯಲಿಲ್ಲ. "ನನ್ನ ಜಡೆ ನಾನೇ ಹಾಕ್ಕೊಳ್ಳೋ ಹಾಗಾದ್ರೆ ಸಾಕಿತ್ತು ಮೇಡಂ, ಸೊಸೆ ಹತ್ರ ದಿನಾ ತಲೆ ಒಡ್ಡೋದು ಬೇಜಾರು" ಅಂದರು. ನಾನು ಅದನ್ನು ಕೇಳಿಯೇ ಇರಲಿಲ್ಲ. ನೋವು ಕೆರಳಿರುವ ಹಂತದಲ್ಲಿ ಹಾಗೆ ಒತ್ತಬಾರದು, ಆ ತೋಳು ಸಡಿಲವಾಗಲು ಒಂದೆರಡು ವರ್ಷವೇ ಹಿಡಿಯಬಹುದು ಅಂತ ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಆಮೇಲೆ ನನ್ನ ಮೊದಲ ಪ್ರಶ್ನೆ ಬದಲಾಯಿತು. ಎಲ್ಲಿ ನೋವು ಅಂತ ಆಮೇಲೆ ಕೇಳುತ್ತೇನೆ. ಏನು ಮಾಡಲು ಆಗುತ್ತಿಲ್ಲ ಅಂತ ಮೊದಲು ಕೇಳುತ್ತೇನೆ.

ನಮ್ಮ ಶಿವಮೊಗ್ಗದ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುತ್ತಾರಲ್ಲ, ಮರ ಆಗ ಪಾಚಿ ಹಿಡಿದು ಜಾರುತ್ತದೆ. ಹಾಗೆ ಬಿದ್ದ ಹುಡುಗನೊಬ್ಬ, ಮೂವತ್ತೂ ಆಗಿರಲಿಲ್ಲ. ಬೆನ್ನುಹುರಿಗೆ ಪೆಟ್ಟು, ಎರಡೂ ಕಾಲಿನಲ್ಲಿ ಸ್ವಾಧೀನ ಇಲ್ಲ. "ಯಾವಾಗ ನಡೀತಾರೆ?" ಅಂತ ಹೆಂಡತಿ ಮೊದಲ ದಿನವೇ ಕೇಳಿದಳು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ನಡೆಯುವುದು ಕಷ್ಟ, ಆದರೆ ಮಾಡುವ ಕೆಲಸ ಬೇಕಾದಷ್ಟಿದೆ ಅಂದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಅವಳಿಗೆ ಹೇಳಿಕೊಟ್ಟೆ, ಹಾಸಿಗೆ ಹುಣ್ಣು ಆಗಬಾರದಲ್ಲ. ಆಮೇಲೆ ಅವನ ತೋಳುಗಳಿಗೆ ಬಲ ಬರಿಸಿದೆವು. ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಜಾರಿಕೊಳ್ಳಲು ಕಲಿತ. ಅವನಿಗೆ ಬೇಕಿದ್ದದ್ದು ಒಂದೇ, ತನ್ನ ಸ್ನಾನ ತಾನೇ ಮಾಡಿಕೊಳ್ಳುವುದು. ಅಳತೆ ಟೇಪ್ ಹಿಡಿದು ಅವರ ಮನೆಗೇ ಹೋದೆ. ಬಚ್ಚಲ ಬಾಗಿಲು ಗಾಲಿಕುರ್ಚಿಗಿಂತ ಮೂರು ಬೆರಳು ಕಿರಿದು! ಅವನ ಅಣ್ಣ ಚೌಕಟ್ಟು ಸಮೇತ ಬಾಗಿಲು ಕಿತ್ತು ಪರದೆ ಕಟ್ಟಿದ, ಅಡುಗೆಮನೆ ಹೊಸ್ತಿಲಿಗೆ ಹಲಗೆ ಹಾಸಿದ. ಅಂದು ನಾನು ಮಾಡಿದ ಕೆಲಸ ಬಡಗಿಯದ್ದೋ ಫಿಸಿಯೋದ್ದೋ, ನೀನೇ ಹೇಳು.

ಲಕ್ವ ಹೊಡೆದವರನ್ನು ಪಾರಿವಾಳದ ರಕ್ತ ಸವರಿಸಿ, ತಿಂಗಳು ಕಳೆದು ಕರೆತರುತ್ತಾರೆ. ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಜೋರಾಗಿರುತ್ತದೆ, ಹಾಗಾಗಿ ಸಿಟ್ಟು ಬರುತ್ತದೆ. ಬಯ್ಯಬೇಡ. ಬಯ್ದರೆ ನಾಳೆ ಬರುವುದಿಲ್ಲ. ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ ಅಂತ ಮನೆಯವರಿಗೆ ತೋರಿಸಿಕೊಡು. ಅವತ್ತಿಗೆ ಅಷ್ಟು ಸಾಕು.

ಶುರುವಿನಲ್ಲಿ ಸಂಬಳ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮೊದಲ ಮನೆಯ ಬಾಡಿಗೆ ಕಟ್ಟಿದ್ದು ನಿನ್ನ ಅಪ್ಪ. ಹೆಸರಿನ ಮುಂದೆ ಡಾಕ್ಟರ್ ಹಾಕಬಹುದೋ ಬೇಡವೋ ಅನ್ನುವ ಜಗಳವೂ ನಿನ್ನ ಕಿವಿಗೆ ಬಿದ್ದಿರಬೇಕು. 2021ರಲ್ಲಿ ಡಾಕ್ಟರು, ನರ್ಸುಗಳಲ್ಲದ ಆರೋಗ್ಯ ವೃತ್ತಿಗಳಿಗೆ ಕೇಂದ್ರದ ಕಾಯ್ದೆ ಬಂತು, ನಮ್ಮ ವೃತ್ತಿಗೂ ಅದರಲ್ಲಿ ಜಾಗ ಸಿಕ್ಕಿತು. ಅದು ನನಗೆ ಸಮಾಧಾನ. ಆ ಎರಡಕ್ಷರದ ಜಗಳಕ್ಕೆ ನನಗೆ ಪುರುಸೊತ್ತಿಲ್ಲ.

ಅಜ್ಜಿಯ ಮಂಡಿ ಆಪರೇಷನ್ ಆಗಿ ಆರು ವಾರವಾಯಿತು. ಮಂಡಿ ಮಡಚುವುದು ತೊಂಬತ್ತು ಡಿಗ್ರಿಗೆ ಬಂದು ನಿಂತಿದೆ. ನನ್ನ ಮಾತು ಕೇಳುವುದಿಲ್ಲ, "ಮೊಮ್ಮಗಳು ಬಂದು ಹೇಳ್ಕೊಡಲಿ" ಅಂತ ಕೂತಿದ್ದಾರೆ. ಇದನ್ನು ಬರೆಯುವಾಗ ಹೊಳೆಯಿತು, ಊರಿಗೆಲ್ಲ ಕೇಳುವ ಆ ಮೊದಲ ಪ್ರಶ್ನೆಯನ್ನು ಅವರಿಗೆ ನಾನು ಕೇಳಿಯೇ ಇಲ್ಲ. ಹಿತ್ತಿಲ ಮೆಟ್ಟಿಲಿಳಿದು ತುಳಸಿ ಕಟ್ಟೆಗೆ ಹೋಗುವ ಆಸೆಯಿರಬಹುದು. ಬೇರೆ ಏನೋ ಇರಬಹುದು. ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟು ಬಾ, ನೀನೇ ಕೇಳು.

ನಿನ್ನ,
ಅಮ್ಮ