ಮಗಳಿಗೊಂದು ಪತ್ರ: ಒಂಬತ್ತು ಅಕ್ಟೋಬರ್‌ಗಳು

ಪುಟ್ಟಿ,

ಮೊನ್ನೆ ಭಾನುವಾರ ಫೋನಿನಲ್ಲಿ ನೀನು ಕೇಳಿದೆ, "ಅಪ್ಪ, ಈ ಸಲಾನೂ ಸಿಗಲಿಲ್ವಾ? ಬೇಜಾರಾಗಲ್ವಾ ನಿಂಗೆ?" ನಾನು ಇಲ್ಲ ಅಂದೆ. ಚಳಿಯ ಮಾತು ತೆಗೆದೆ. ಫೋನ್ ಇಟ್ಟ ಮೇಲೆ ನಿಮ್ಮಮ್ಮ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ನಿನಗೆ ಸುಳ್ಳು ಹೇಳಿದೆ. ಬೇಜಾರಾಗುತ್ತದೆ. ಎಲ್ಕ್ ಅನ್ನುವ ಈ ದೊಡ್ಡ ಜಿಂಕೆಯ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದ ಒಂಬತ್ತು ವರ್ಷವೂ ಆಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕನ್ನಡ ನೀನು ನಿಧಾನವಾಗಿ ಓದುತ್ತೀಯ ಅಂತ ಗೊತ್ತು. ನಿಧಾನವಾಗಿಯೇ ಓದು. ಈ ವಿಷಯ ಇಂಗ್ಲಿಷಿನಲ್ಲಿ ಹೇಳೋಕೆ ನನಗೆ ಬರುವುದಿಲ್ಲ.

ಎಲ್ಲಕ್ಕಿಂತ ಕಷ್ಟ ವಾಪಸ್ ಬರುವ ದಾರಿ. ಬೇಟೆಯ ಕಾಡಿನ ಹತ್ತಿರದ ಮೀಕರ್ ಊರಿನಿಂದ ಮನೆಗೆ ನಾಲ್ಕು ಗಂಟೆ. ರೈಫಲ್ ಊರಿನ ಪೆಟ್ರೋಲ್ ಬಂಕಿನಲ್ಲಿ ಪಕ್ಕದ ಗಾಡಿಗಳ ಹಿಂದೆ ಕೊಂಬುಗಳು ಕಾಣುತ್ತವೆ. ಯಾರಾದರೂ ಕೇಳುತ್ತಾರೆ, ಏನಾದರೂ ಸಿಕ್ಕಿತಾ ಅಂತ. ಇಲ್ಲ ಅಂದರೆ ಒಳ್ಳೆ ಮನಸ್ಸಿನಿಂದ ಮುಂದಿನ ವರ್ಷ ಸಿಗುತ್ತೆ ಬಿಡಿ ಅನ್ನುತ್ತಾರೆ. ಆಮೇಲೆ ಹೆದ್ದಾರಿ. ಮಾಂಸಕ್ಕೆ ಅಂತ ಒಯ್ದ ಖಾಲಿ ಕೂಲರ್ ಹಿಂದೆ ಗಡಗಡ ಅನ್ನುತ್ತಲೇ ಇರುತ್ತದೆ. ಐಸನ್‌ಹೋವರ್ ಸುರಂಗ ದಾಟುವವರೆಗೂ ನಾನು ರೇಡಿಯೋ ಹಾಕುವುದಿಲ್ಲ. ಮನೆಗೆ ಬಂದರೆ ಗ್ಯಾರೇಜಿನ ದೊಡ್ಡ ಫ್ರೀಜರ್‌ನ ಕೆಳಗಿನ ಅರ್ಧ ಖಾಲಿ. ಪ್ರತಿ ಅಕ್ಟೋಬರ್‌ನಲ್ಲೂ ಅಮ್ಮ ತೆಂಗಿನ ತುರಿ, ಅವರೆಕಾಳು ಎಲ್ಲ ಮೇಲಕ್ಕೆ ಸೇರಿಸಿ ಜಾಗ ಮಾಡಿರುತ್ತಾಳೆ. ನಾನು ಬಂದ ಎರಡು ದಿನಕ್ಕೆ ಅದನ್ನೆಲ್ಲ ಸದ್ದಿಲ್ಲದೆ ಮತ್ತೆ ಕೆಳಗೆ ಇಳಿಸುತ್ತಾಳೆ. ಒಂದು ಸಲವೂ ಒಂದು ಮಾತು ಅಂದಿಲ್ಲ. ಅದು ನನಗೆ ಜಾಸ್ತಿ ತಾಗುತ್ತದೆ.

ಸಿಗದವರೇ ಜಾಸ್ತಿ ಅನ್ನೋದು ನನಗೂ ಗೊತ್ತು. ಕೊಲೊರಾಡೋದಲ್ಲಿ 2.5 ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ಈ ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ 100 ಜನ ಹೋದರೆ ಸುಮಾರು 20 ಜನಕ್ಕೆ ಸಿಗುತ್ತದೆ. ನನ್ನ ಹಾಗೆ ಕೌಂಟರಿನಲ್ಲಿ ಟ್ಯಾಗ್, ಅಂದರೆ ಒಂದು ಎಲ್ಕ್ ಹೊಡೆಯುವ ಪರವಾನಗಿ, ತಗೊಂಡು, ಕುದುರೆ ಇಲ್ಲದೆ, ಗೈಡ್ ಇಲ್ಲದೆ ನಡೆದು ಹೋಗುವವರಿಗೆ ಇನ್ನೂ ಕಷ್ಟ. ಆದರೆ ಕತ್ತಲಲ್ಲಿ ಮೂರು ಮೈಲಿ ವಾಪಸ್ ನಡೆಯುವಾಗ ಈ ಲೆಕ್ಕದಿಂದ ಯಾರಿಗೂ ಸಮಾಧಾನ ಆಗುವುದಿಲ್ಲ.

ನಿನ್ನ ಮುತ್ತಜ್ಜನ ಕಥೆ ಎಷ್ಟು ಸಲ ಹೇಳಿದ್ದೇನೋ. ತೀರ್ಥಹಳ್ಳಿ ಕಡೆ ನಮ್ಮ ಮನೆಯ ಹಿಂದಿನ ಕಾಡು, ಗೋಡೆಗೆ ನೇತುಹಾಕಿದ ಕೋವಿ, ಹಳು ಸೋವುವವರ ಕೂಗು, ಕಡವೆ. ಎಲ್ಲ ಅವರ ಬಾಯಿಂದ ಕೇಳಿದ್ದು. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾನೂನು ಬಂದಾಗಿತ್ತು. ಬೇಟೆ ನಿಂತಿತ್ತು. ನಿಂತದ್ದು ಸರಿಯೇ. ಅಲ್ಲಿ ಪ್ರಾಣಿಗಳೇ ಮುಗಿಯುತ್ತಾ ಬಂದಿದ್ದವು. ಇಲ್ಲೂ ಹಾಗೇ ಆಗಿತ್ತು ಗೊತ್ತಾ? ಕಳೆದ ಶತಮಾನದ ಶುರುವಿನಲ್ಲಿ ಇಡೀ ಕೊಲೊರಾಡೋದಲ್ಲಿ ಉಳಿದಿದ್ದು ಸಾವಿರದ ಆಸುಪಾಸು ಎಲ್ಕ್. ಗಣಿಗಾರರಿಗೆ, ಪೇಟೆಗಳಿಗೆ ಮಾಂಸ ಮಾರಿ ಮಾರಿ ಖಾಲಿ ಮಾಡಿದ್ದರು. 1910ರ ದಶಕದಲ್ಲಿ ವ್ಯೋಮಿಂಗ್‌ನಿಂದ ತಂದು ಬಿಟ್ಟರು. ಬೇಟೆ ನಿಲ್ಲಿಸಿ, ಆಮೇಲೆ ಲೆಕ್ಕ ಇಟ್ಟು, ಟ್ಯಾಗ್ ಕೊಟ್ಟು ಬೆಳೆಸಿದರು. ಆ ಲೆಕ್ಕ ಇದೆ ಅನ್ನುವ ಧೈರ್ಯದ ಮೇಲೆಯೇ ನಾನು ರೈಫಲ್ ಹಿಡಿದದ್ದು. ಅದಕ್ಕೂ ಮುಂಚೆ ಆ ಬೆಟ್ಟಗಳೆಲ್ಲ ಯೂಟ್ ಅನ್ನುವ ಮೂಲನಿವಾಸಿ ಜನರದ್ದು. 1881ರಲ್ಲಿ ಅವರನ್ನು ಅಲ್ಲಿಂದ ಯೂಟಾಕ್ಕೆ ಅಟ್ಟಿದರು. ವೈಟ್ ರಿವರ್ ದಂಡೆಯಲ್ಲಿ ಟೆಂಟ್ ಹಾಕುವಾಗ ಪ್ರತಿ ಸಲ ನೆನಪಾಗುತ್ತದೆ.

ಮೊದಲ ವರ್ಷ, 2017, ನಿನಗೆ ಹನ್ನೊಂದು. ಹತ್ತು ಸಾವಿರ ಅಡಿ ಎತ್ತರದಲ್ಲಿ ನನಗೆ ತಲೆನೋವು, ನಿನಗೆ ಏನೂ ಇಲ್ಲ. ಕಿತ್ತಳೆ ಬಣ್ಣದ ಜಾಕೆಟ್ ನಿನ್ನ ಮೊಣಕಾಲಿನವರೆಗೆ ಇತ್ತು. ಆ ವರ್ಷ ನಾವು ಎಲ್ಕ್‌ನ ಹಿಕ್ಕೆ ಮಾತ್ರ ನೋಡಿದೆವು.

ಎರಡನೇ ವರ್ಷ ಗಾಳಿಯನ್ನು ಕಲಿತೆವು. ಕಲಿತದ್ದು ನೀನು, ನಿಜ ಹೇಳಬೇಕೆಂದರೆ. ಗಾಳಿ ಯಾವ ಕಡೆ ಅಂತ ನೋಡುವ ಆ ಪುಡಿಯ ಬಾಟಲಿ ನಿನ್ನ ಕೈಯಲ್ಲೇ ಇರುತ್ತಿತ್ತು. ಒತ್ತಿದರೆ ಬಿಳಿ ಪುಡಿ ಹೊಗೆಯ ಹಾಗೆ ತೇಲುತ್ತಿತ್ತು. ಬೆಳಗ್ಗೆ ಚಳಿಗಾಳಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿಯುತ್ತದೆ. ಬಿಸಿಲು ಬಿದ್ದರೆ ಅದೇ ಗಾಳಿ ಮೇಲಕ್ಕೆ ಏಳುತ್ತದೆ. ಸಂಜೆ ಮತ್ತೆ ಕೆಳಗೆ. ನಾವು ಒಂಬತ್ತೂವರೆಗೆ ಆ ಸ್ಪ್ರೂಸ್ ಕಾಡಿನ ಅಂಚಿಗೆ ಹೋದಾಗ ಪುಡಿ ಒಂದು ಕ್ಷಣ ನಿಂತಲ್ಲೇ ನಿಂತು, ಮೆಲ್ಲಗೆ ಕಾಡಿನ ಒಳಗೆ ಹೋಯಿತು. ಅದರ ಜೊತೆ ನಮ್ಮ ವಾಸನೆಯೂ. ನೀನು ನನ್ನ ಕಡೆ ನೋಡಿದೆ. ಅಷ್ಟರಲ್ಲಿ ಒಳಗೆ ನಾಯಿ ಬೊಗಳಿದ ಹಾಗೆ ಒಂದು ಹೆಣ್ಣು ಎಲ್ಕ್ ಕೂಗಿತು. ಕೊಂಬೆಗಳು ಮುರಿಯುವ ಸದ್ದು. ಆಮೇಲೆ ಏನೂ ಇಲ್ಲ.

ಒಳಗೆ ಹೋಗಿ ನೋಡಿದೆವು. ಹಿಮದಲ್ಲಿ ಏಳೆಂಟು ಕಡೆ ಮಲಗಿದ ಗುರುತು. ದೊಡ್ಡ ಮೊರದಷ್ಟು ಗುಂಡಿ, ತಳದಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತಿತ್ತು. ಹುಲ್ಲಿಗೆ ಕಂದು ಕೂದಲು ಅಂಟಿತ್ತು. ನೀನು ಕೈಗವಸು ತೆಗೆದು ಕೈ ಇಟ್ಟೆ. "ಅಪ್ಪ, ಬೆಚ್ಚಗಿದೆ." ನಾನೂ ಇಟ್ಟೆ. ಅಲ್ಲೆಲ್ಲ ದನದ ಕೊಟ್ಟಿಗೆಯ ವಾಸನೆ. ನಮ್ಮೂರ ಕೊಟ್ಟಿಗೆಯದ್ದೇ ವಾಸನೆ, ಹನ್ನೆರಡು ಸಾವಿರ ಕಿಲೋಮೀಟರ್‌ಗೂ ಆಚೆ. ಆ ದಿನ ಬರಿಗೈಯಲ್ಲಿ ಬಂದೆವು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಇನ್ನು 2019. ನಾವಿಬ್ಬರೂ ಮಾತಾಡದೆ ಬಿಟ್ಟ ವರ್ಷ.

ಎರಡನೇ ದಿನ, ಬೆಳಗ್ಗೆ ಎಂಟರ ಹೊತ್ತು. ಎದುರಿನ ಇಳಿಜಾರಿನಲ್ಲಿ ಗಂಡು ಎಲ್ಕ್. ಐದು ಕವಲಿನ ಕೊಂಬು, ಟ್ಯಾಗಿಗೆ ಸರಿಯಾಗಿತ್ತು. ದೂರ ನೀನೇ ಅಳೆದು ಹೇಳಿದೆ: 290 ಗಜ. ನಾನು ಆ ಬೇಸಿಗೆಯೆಲ್ಲ ಅಭ್ಯಾಸ ಮಾಡಿದ್ದು 200 ಗಜಕ್ಕೆ. ಇನ್ನೂ ಹತ್ತಿರ ಹೋಗಲು ದಾರಿ ಇತ್ತು, ಸಮಯ ಇತ್ತು. ಎರಡು ವರ್ಷ ಖಾಲಿ ಕೂಲರ್ ತಂದಿದ್ದೇನೆ ಅನ್ನುವುದು ತಲೆಯಲ್ಲಿ ಕೂತಿತ್ತು. ಮಗಳು ಪಕ್ಕದಲ್ಲಿದ್ದಾಳೆ, ಅವಳ ಎದುರಿಗೆ ಆಗಬೇಕು ಅನ್ನುವುದೂ ಇತ್ತು. ಹೊಡೆದೆ.

ಅದು ಬೆನ್ನು ಬಗ್ಗಿಸಿತು. ಒಂದು ಹೆಜ್ಜೆ ಇಟ್ಟು ನಿಂತು, ಆಮೇಲೆ ಓಡಿತು.

ಅಲ್ಲಿ ಹೋಗಿ ನೋಡಿದರೆ ಹಿಮದ ಮೇಲೆ ರಕ್ತ. ಶ್ವಾಸಕೋಶಕ್ಕೆ ತಗುಲಿದ್ದರೆ ತಿಳಿಗೆಂಪು ಇರುತ್ತದೆ, ನೊರೆ ಇರುತ್ತದೆ. ಇದು ಗಟ್ಟಿ, ಕಪ್ಪು. ಅಂಥ ಗಾಯವಾದರೆ ನಾಲ್ಕಾರು ಗಂಟೆ ಕಾಯಬೇಕು. ಸುಮ್ನೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಬೆನ್ನು ಹತ್ತಿದರೆ ಎದ್ದು ಎದ್ದು ದೂರ ಹೋಗುತ್ತದೆ. ನನಗೆ ಗೊತ್ತಿತ್ತು. ಮೋಡ ಕಟ್ಟುತ್ತಿತ್ತು, ಹಿಮ ಬಿದ್ದರೆ ರಕ್ತ ಮುಚ್ಚಿಹೋಗುತ್ತದೆ ಅನ್ನುವ ಗಾಬರಿ. ಅರ್ಧ ಗಂಟೆಗೇ ಹೊರಟೆ.

ರಕ್ತ ಕಂಡಲ್ಲೆಲ್ಲ ನೀನು ಕೊಂಬೆಗೆ ಕಿತ್ತಳೆ ಟೇಪ್ ಕಟ್ಟುತ್ತಾ ಬಂದೆ. ಒಂದೂ ಮಾತಿಲ್ಲ. 17 ಕಡೆ ಕಟ್ಟಿದೆ, ನೀನೇ ಎಣಿಸಿದ್ದು. 2002ರ ಬೆಂಕಿಯಲ್ಲಿ ಸುಟ್ಟು ಬೆಳ್ಳಿಯ ಹಾಗೆ ನಿಂತಿರುವ ಮರಗಳ ಹತ್ತಿರ ಹಳ್ಳ ಎರಡಾಗುತ್ತದಲ್ಲ, ಅಲ್ಲಿ ರಕ್ತ ನಿಂತಿತು. ಹೆಜ್ಜೆಗಳು ಬಲಗಡೆ ಮೇಲಕ್ಕೆ ಬೇಕಾದಷ್ಟಿದ್ದವು. ನೀನು ಎಡಗಡೆ ಕೈ ತೋರಿಸಿದೆ. ನಾನು ಬಲಕ್ಕೆ ಹೋದೆ. ಮಧ್ಯಾಹ್ನ ಹಿಮ ಶುರುವಾಯಿತು. ಮರುದಿನ ಇಡೀ ಹುಡುಕಿದೆವು. ಸತ್ತ ಪ್ರಾಣಿ ಇದ್ದರೆ ಮೇಲೆ ಕಾಗೆಗಳು ಸುತ್ತುತ್ತವೆ ಅಂತ ಆಕಾಶ ನೋಡಿ ನೋಡಿ ಕುತ್ತಿಗೆ ನೋವು ಬಂತು. ಒಂದೂ ಕಾಣಲಿಲ್ಲ.

ಸಂಜೆ ನೀನು ಆ 17 ಟೇಪನ್ನೂ ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗ್ಲೆನ್‌ವುಡ್ ದಾಟಿದ ಮೇಲೆ ಕೇಳಿದೆ, "ಅಪ್ಪ, ಅದಕ್ಕೆ ಈಗಲೂ ನೋವಾಗ್ತಿರುತ್ತಾ?" ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡಬೇಕಿತ್ತು. ಹೌದು ಪುಟ್ಟಿ, ಬದುಕಿದ್ದರೆ ನೋವಾಗುತ್ತಿತ್ತು. ನಾನು ಮಾಡಿದ ನೋವು.

ಮುಂದಿನ ವರ್ಷ ನೀನು ಸ್ಕೂಲಿನ ಕೆಲಸ ಇದೆ ಅಂದೆ. ನಾನು ಹೂಂ ಅಂದೆ. ಇಬ್ಬರಿಗೂ ಕಾರಣ ಗೊತ್ತಿತ್ತು, ಅಲ್ವಾ?

ಮುತ್ತಜ್ಜ ಒಂದು ಮಾತು ಹೇಳುತ್ತಿದ್ದರು. ಗಾಯ ಮಾಡಿದ್ದನ್ನು ಕಾಡಿನಲ್ಲಿ ಬಿಟ್ಟು ಬಂದವನಿಗೆ ಅನ್ನ ಸೇರಬಾರದು ಅಂತ. ಒಂದು ಕಡವೆಯ ಹಿಂದೆ ನಾಯಿ ಕಟ್ಟಿಕೊಂಡು ಎರಡು ರಾತ್ರಿ ಕಾಡಿನಲ್ಲಿದ್ದರಂತೆ. ಅದು ಸಿಕ್ಕ ಮೇಲೆಯೇ ಮನೆಗೆ ಬಂದದ್ದು. ಚಿಕ್ಕವನಿದ್ದಾಗ ಅದೊಂದು ಸಾಹಸದ ಕಥೆಯಾಗಿ ಕೇಳಿದ್ದೆ.

ಈಗ ನಿನ್ನ ಇನ್ನೊಂದು ಪ್ರಶ್ನೆಗೆ ಬರುತ್ತೇನೆ. "ಜಾಗ ಆದ್ರೂ ಚೇಂಜ್ ಮಾಡು ಅಪ್ಪ" ಅಂದೆಯಲ್ಲ. ಆಫೀಸಿನ ಗೆಳೆಯರೂ ಅದನ್ನೇ ಹೇಳುತ್ತಾರೆ. ವರ್ಷ ವರ್ಷ ಪಾಯಿಂಟ್ ಕೂಡಿಸಿ ಒಳ್ಳೆ ಬೇಟೆ ವಲಯದ ಟ್ಯಾಗಿಗೆ ಲಾಟರಿಯಲ್ಲಿ ಅರ್ಜಿ ಹಾಕು, ಇಲ್ಲವೇ ನವೆಂಬರ್‌ನಲ್ಲಿ ಹೋಗು, ಆಗ ಹಿಮಕ್ಕೆ ಅವು ಕೆಳಗೆ ಇಳಿದಿರುತ್ತವೆ ಅಂತ. ಸರಿಯಾದ ಮಾತು. 2022-23ರ ಚಳಿಗಾಲದಲ್ಲಿ ಆ ಕಡೆ ಎಷ್ಟು ಹಿಮ ಬಿತ್ತೆಂದರೆ ಎಲ್ಕ್, ಜಿಂಕೆಗಳು ಹಸಿವಿನಿಂದ ಸತ್ತವು. ಸರ್ಕಾರ ಟ್ಯಾಗ್‌ಗಳನ್ನು ತುಂಬಾ ಕಡಿಮೆ ಮಾಡಿತು. ಆ ವರ್ಷವೂ ನಾನು ಅಲ್ಲಿಗೇ ಹೋದೆ. ಹೊಸ ಹೆಜ್ಜೆ ಕೂಡ ಕಾಣಲಿಲ್ಲ.

ನಾನು ಆ 2019ರ ಎಲ್ಕನ್ನು ಹುಡುಕುತ್ತಿದ್ದೇನೆ ಪುಟ್ಟಿ. ಇದನ್ನು ಯಾರಿಗೂ ಹೇಳಿಲ್ಲ, ಅಮ್ಮನಿಗೂ ಇಲ್ಲ. ಬೆಳಗ್ಗೆ, ಸಂಜೆ ಬೇಟೆ. ಮಧ್ಯಾಹ್ನ ಅವು ದಟ್ಟ ಕಾಡಿನಲ್ಲಿ ಮಲಗಿರುವ ಹೊತ್ತಿನಲ್ಲಿ, ಬೇರೆಯವರು ಕ್ಯಾಂಪಿಗೆ ಹೋಗಿ ಊಟ ಮಾಡುವಾಗ, ನಾನು ಆ ಹಳ್ಳದ ಬಲಗಡೆಯನ್ನು ತುಂಡು ತುಂಡಾಗಿ ನೋಡುತ್ತೇನೆ. ಬಿದ್ದ ಮರಗಳ ಅಡಿ, ಪೊದೆಯ ಅಡಿ. ತಲೆಬುರುಡೆ, ಅದಕ್ಕೇ ಅಂಟಿದ ಐದು ಕವಲಿನ ಕೊಂಬು. ಕೊಂಬನ್ನು ಇಲಿ, ಮುಳ್ಳುಹಂದಿ ಕಡಿಯುತ್ತವೆ, ಆದರೂ ತಲೆಬುರುಡೆ ಅಷ್ಟು ಬೇಗ ಕರಗುವುದಿಲ್ಲ. ಒಂದು ಹೆಣ್ಣಿನ ದವಡೆ ಸಿಕ್ಕಿತು. ಯಾವುದೋ ಗಂಡು ವಸಂತದಲ್ಲಿ ಉದುರಿಸಿದ ಒಂಟಿ ಕೊಂಬು ಸಿಕ್ಕಿತು. ಅದು ಸಿಗಲಿಲ್ಲ. ಸಿಕ್ಕರೆ ಏನು ಮಾಡುತ್ತೇನೆ ಅಂತ ಕೇಳಬೇಡ. ಸುಮ್ನೆ ಅದರ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು, ಅಷ್ಟೇ.

ಈ ವರ್ಷ ಏನೂ ಕಾಣಲಿಲ್ಲ ಅಂತ ಫೋನಿನಲ್ಲಿ ಅಂದೆನಲ್ಲ, ಅದೂ ಸುಳ್ಳು. ನಾಲ್ಕನೇ ಸಂಜೆ ಒಂದು ಗಂಡು ಬಂತು. 140 ಗಜ. ಗಾಳಿ ನನ್ನ ಮುಖಕ್ಕೇ ಬರುತ್ತಿತ್ತು. ರೈಫಲ್ ಬ್ಯಾಗಿನ ಮೇಲೆ ಅಲ್ಲಾಡದೆ ಕೂತಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಹೊಡೆಯಬಹುದು. ಇನ್ನು ಆರು ನಿಮಿಷ ಇತ್ತು. ಎಡಗೊಂಬಿನಲ್ಲಿ ಮೂರು ಕವಲು. ಬಲಗೊಂಬು ಸ್ಪ್ರೂಸ್ ಮರೆಯಲ್ಲಿ. ಕಾನೂನಿನ ಪ್ರಕಾರ ಒಂದು ಕೊಂಬಿಗಾದರೂ 4 ಕವಲಿರಬೇಕು, ಇಲ್ಲವೇ ಹುಬ್ಬಿನ ಮೇಲಿನ ಕವಲು 5 ಇಂಚಾದರೂ ಇರಬೇಕು. ಅದು ತಲೆ ತಿರುಗಿಸಿತು. ಆ ಕವಲು 5 ಇಂಚು ಇರಬಹುದು, ನಾಲ್ಕೇ ಇರಬಹುದು. ಸ್ಕೋಪಿನಲ್ಲಿ ಅದರ ಉಸಿರಿನ ಹಬೆ ಕಾಣುತ್ತಿತ್ತು. ಹೆಬ್ಬೆರಳು ರೈಫಲಿನ ಸೇಫ್ಟಿ ಲಾಕಿನ ಮೇಲಿತ್ತು. ಲಾಕ್ ತೆಗೆಯಲಿಲ್ಲ.

ಅದು ಮೇಯುತ್ತಾ ಮೇಯುತ್ತಾ ಕತ್ತಲೊಳಗೆ ಹೋಯಿತು. ನಾನು ಅಲ್ಲೇ ಕೂತು ಅತ್ತೆ. ಸಿಗಲಿಲ್ಲವಲ್ಲ ಅಂತಲೂ ಅತ್ತೆ, ಈ ಸಲ ಕಾದೆನಲ್ಲ ಅಂತಲೂ ಅತ್ತೆ. ಯಾವುದು ಎಷ್ಟು ಅಂತ ಈಗಲೂ ಗೊತ್ತಾಗುತ್ತಿಲ್ಲ. ಅಮ್ಮ ಕಟ್ಟಿಕೊಟ್ಟ ರವೆ ಉಂಡೆ ಚಳಿಗೆ ಕಲ್ಲಾಗಿತ್ತು. ಬಾಯಲ್ಲಿಟ್ಟುಕೊಂಡು ಕರಗಿಸುತ್ತಾ ಟಾರ್ಚ್ ಹಚ್ಚಿಕೊಂಡು ಕೆಳಗಿಳಿದೆ. ದಾರಿಯುದ್ದಕ್ಕೂ ನಿನಗೆ ಹೇಳಬೇಕು, ನಿನಗೆ ಹೇಳಬೇಕು ಅನ್ನಿಸುತ್ತಿತ್ತು. ಆಮೇಲೆ ಫೋನಿನಲ್ಲಿ ಚಳಿಯ ಮಾತಾಡಿದೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಲ್ಲ, ಬುಧವಾರ ರಾತ್ರಿ ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಆ ಕಣಿವೆಯ ನಕ್ಷೆ ಊಟದ ಮೇಜಿನ ಮೇಲೆ ಹಾಕಿಟ್ಟಿದ್ದೇನೆ. ಬಲಗಡೆ ನೋಡಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿದ್ದೇನೆ, ಹೆಚ್ಚುಕಡಿಮೆ ತುಂಬಿಹೋಗಿದೆ. ಎಡಗಡೆ ಇನ್ನೂ ಬಿಳಿ ಇದೆ. ಆ ಹಳ್ಳ ಎರಡಾಗುವ ಕಡೆ ನೀನು ಎಡಕ್ಕೆ ಕೈ ತೋರಿಸಿದಾಗ ನಾನು ಯಾಕೆ ಅಂತ ಕೇಳಲಿಲ್ಲ. ನಿನಗೆ ಏನು ಕಂಡಿತ್ತು?

ಅಪ್ಪ