ತಡೆಯಬೇಕಾದದ್ದು ವಿವಾದದ ಹಣ, ಇಡೀ ಖಾತೆಯಲ್ಲ

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ದೂರಿನ ಹೆಸರಿನಲ್ಲಿ ಮುಂಬಯಿಯ ಸಣ್ಣ ಹೊಟೇಲು, ಅಂಗಡಿಗಳ ಬ್ಯಾಂಕ್ ಖಾತೆಗಳು ಏಕಾಏಕಿ ಫ್ರೀಜ್ ಆಗುತ್ತಿವೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋದ ಮೇಲೆ ಬ್ಯಾಂಕುಗಳು ತ್ವರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದೋಚಿದ ಹಣ ನಿಮಿಷಗಳಲ್ಲಿ ನಾಲ್ಕೈದು ಬಾಡಿಗೆ ಖಾತೆ (ವಂಚಕರು ಹಣ ಸಾಗಿಸಲು ಬಳಸುವ ಬೇರೆಯವರ ಖಾತೆ) ದಾಟಿ ಎಟಿಎಂನಿಂದ ಹೊರಬೀಳುತ್ತದೆ. ಅದು ಹೋದ ಒಂದೊಂದು ಖಾತೆಯನ್ನೂ ಬ್ಯಾಂಕುಗಳು ಸೈಬರ್ ದೂರಿನ ಸರ್ಕಾರಿ ಪೋರ್ಟಲಿನಲ್ಲಿ 'ಲೇಯರ್' (ಹಂತ) ಎಂದು ಗುರುತಿಸುತ್ತಾ ಹೋಗುತ್ತವೆ. ಎಡವಟ್ಟಾಗುವುದು ಕೆಳಗಿನ ಲೇಯರ್‌ಗಳಲ್ಲಿ. ಬಾಡಿಗೆ ಖಾತೆಯವನೊಬ್ಬ ಮಾಟುಂಗಾದಲ್ಲಿ ಊಟ ಮಾಡಿ ಗಲ್ಲಾದ ಮೇಲಿನ ಕ್ಯೂಆರ್ ಕೋಡಿಗೆ 240 ರೂಪಾಯಿ ಹಾಕಿದರೆ ಆ ಹೊಟೇಲೂ ಪಟ್ಟಿಗೆ ಸೇರುತ್ತದೆ. ಲೀನ್, ಅಂದರೆ ಅಷ್ಟು ಮೊತ್ತವನ್ನು ಮಾತ್ರ ತೆಗೆಯದಂತೆ ತಡೆ, ಹಾಕಬೇಕಾದದ್ದು 240ಕ್ಕೆ. ಬೀಗ ಬೀಳುವುದು ಎಷ್ಟೋ ಸಲ ಇಡೀ ಕರೆಂಟ್ ಅಕೌಂಟಿಗೆ. ಹುಡುಗರ ಸಂಬಳ ನಿಲ್ಲುತ್ತದೆ, ಹಾಲಿನವರಿಗೆ ಕೊಟ್ಟ ಚೆಕ್ ವಾಪಸಾಗುತ್ತದೆ. ದೂರಿನ ಠಾಣೆಯೋ ಇನ್ಯಾವುದೋ ರಾಜ್ಯದ್ದು.

ಬ್ಯಾಂಕ್ ಖಾತೆಯನ್ನೂ ಪೊಲೀಸರು ಜಪ್ತಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ, ಅದೂ ಮಹಾರಾಷ್ಟ್ರದ ಪ್ರಕರಣದಲ್ಲೇ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನ ಪ್ರಕಾರ ಜಪ್ತಿಯನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ವಿವಾದದ ಮೊತ್ತಕ್ಕಷ್ಟೇ ತಡೆ ಸಾಕೆಂದು ಕೇರಳ ಹೈಕೋರ್ಟ್ 2023ರಲ್ಲಿ, ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿವೆ.

ಖಾತೆ ನಿಂತವರು ಮೊದಲು ಶಾಖೆಯಿಂದ ಬರಹದಲ್ಲಿ ಪಡೆಯಬೇಕಾದದ್ದು: ದೂರಿನ ಸಂಖ್ಯೆ, ಠಾಣೆ, ತನಿಖಾಧಿಕಾರಿಯ ಇಮೇಲ್, ವಿವಾದದ ಮೊತ್ತ, ಆ ಪಾವತಿಯ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ. ಬಾಯಿಮಾತಿನ 'ಮೇಲಿಂದ ಬಂದಿದೆ' ಎಂಬ ಉತ್ತರ ಒಪ್ಪಬೇಡಿ. ಆ ದಿನದ ಬಿಲ್ ಲಗತ್ತಿಸಿ, ಫ್ರೀಜ್ ತೆಗೆದು ಅಷ್ಟೇ ಮೊತ್ತಕ್ಕೆ ಲೀನ್ ಹಾಕಿ ಎಂದು ತನಿಖಾಧಿಕಾರಿಗೂ ಬ್ಯಾಂಕಿನ ನೋಡಲ್ ಅಧಿಕಾರಿಗೂ ಒಟ್ಟಿಗೇ ಇಮೇಲ್ ಮಾಡಿ. ಕೆಲಸವಾಗದಿದ್ದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 'ಖಾತೆ ಬಿಡಿಸಿಕೊಡುತ್ತೇವೆ' ಎನ್ನುವವರಿಗೆ ಗಾಬರಿಯಲ್ಲಿ ಆಧಾರ್, ಪ್ಯಾನ್, ಆರು ತಿಂಗಳ ಸ್ಟೇಟ್‌ಮೆಂಟು, ಕೆಲಸಗಾರರ ಪಟ್ಟಿಯವರೆಗೆ ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕಳಿಸುವವರಿದ್ದಾರೆ. ಮುಂದಿನ ಬಾಡಿಗೆ ಖಾತೆ ತೆರೆಯಲು ಅಷ್ಟು ದಾಖಲೆ ಸಾಕು! ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರತಿಯ ಮೇಲೆ ದೂರಿನ ಸಂಖ್ಯೆ, ದಿನಾಂಕ, ಉದ್ದೇಶ ಬರೆಯಿರಿ. ಸ್ಟೇಟ್‌ಮೆಂಟು ಆ ವಹಿವಾಟಿನ ಸುತ್ತಲಿನ ದಿನಗಳದ್ದಷ್ಟೇ ಇರಲಿ, ಹೆಚ್ಚು ಬೇಕೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತನಿಖೆಗೆ ವಿನಾಯಿತಿ ಕೊಡುವ 17(1)ನೇ ಕಲಮು ಕೂಡ, ಮಾಹಿತಿಯನ್ನು ಭದ್ರವಾಗಿಡುವ ಹೊಣೆಯಿಂದ ಬಿಡುಗಡೆ ಕೊಟ್ಟಿಲ್ಲ.

ಖಾತೆಗೆ ತಡೆ ಹಾಕಿದ ದಿನವೇ ದೂರಿನ ಸಂಖ್ಯೆ, ಠಾಣೆ, ಮೊತ್ತ ತಿಳಿಸುವ ಎಸ್ಸೆಮ್ಮೆಸ್ಸನ್ನು ಗ್ರಾಹಕರಿಗೆ ಕಳಿಸುವುದು ಬ್ಯಾಂಕುಗಳಿಗೆ ಕಷ್ಟದ ಕೆಲಸವೇನಲ್ಲ. ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಲಿ.

– ಒಬ್ಬ ತೆರಿಗೆ ಸಲಹೆಗಾರ, ಡೊಂಬಿವಲಿ